ಪಿಎಚ್‌.ಡಿ. ನಡುವೆ ಹೆರಿಗೆ, ಬಾಣಂತನ: ಓದುಗರ ಪ್ರಶ್ನೆಗಳಿಗೆ ಉತ್ತರ

ಉನ್ನತ ವ್ಯಾಸಂಗದ ನಡುವೆ ತಾಯಿಯಾಗುವವರ ಕಷ್ಟಗಳ ಬಗ್ಗೆ ಈ ಅಂಕಣಕ್ಕೆ ಆಗಾಗ ಪತ್ರಗಳು ಬರುತ್ತಿದ್ದವು. ಈ ತಿಂಗಳು ಒಮ್ಮೆಗೇ ನಾಲ್ಕು ಬಂದಿರುವುದರಿಂದ ಬೇರೆ ವಿಷಯಗಳನ್ನು ಬದಿಗಿಟ್ಟು ಇವುಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ. ಪತ್ರ ಬರೆದವರ ಹೆಸರು ಮತ್ತು ವಿಶ್ವವಿದ್ಯಾಲಯಗಳ ಹೆಸರನ್ನು ಕೈಬಿಟ್ಟಿದ್ದೇನೆ.

ಪ್ರಶ್ನೆ: ಮೇಡಂ, ನಾನು ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಸಾವಯವ ರಸಾಯನಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ನೋಂದಣಿಯಾಗಿ ಎರಡನೆಯ ವರ್ಷ. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಬರುತ್ತಿದೆ. ನನಗೀಗ ಎರಡು ತಿಂಗಳು. ಮೂರು ತಿಂಗಳು ತುಂಬುವವರೆಗೆ ಹೊರಗೆ ಹೇಳಬಾರದೆಂದು ಅತ್ತೆಯವರು ಹೇಳಿದ್ದಾರೆ, ಹಾಗಾಗಿ ವಿಭಾಗದಲ್ಲಿ ಯಾರಿಗೂ ತಿಳಿಸಿಲ್ಲ. ಈ ಹಿಂದೆ ನಮ್ಮ ಲ್ಯಾಬಿನ ಹಿರಿಯ ಸಂಶೋಧಕಿಯೊಬ್ಬರು ಬಸುರಿಯಾದಾಗ ಗೈಡ್ ಅವರು, "ಸದ್ಯಕ್ಕೆ ಬಿಟ್ಟುಬಿಡಿ, ಮಗು ದೊಡ್ಡದಾದ ಮೇಲೆ ನೋಡೋಣ" ಎಂದಿದ್ದರು. ಅವರು ಮತ್ತೆ ಬರಲೇ ಇಲ್ಲ. ನನಗೂ ಅದೇ ಗತಿಯೇ ಎಂಬ ಭಯವಿದೆ. ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ನಿಮ್ಮ ಭಯಕ್ಕಿಂತಲೂ ಆ ಹಿರಿಯ ಸಂಶೋಧಕಿಯ ಸಂಗತಿ. ಯಾವ ಆದೇಶವೂ ಇಲ್ಲದೆ, ಯಾವ ಕಾಗದವೂ ಇಲ್ಲದೆ, ಬಾಯಿಮಾತಿನ ಒಂದು ಸಲಹೆಯಿಂದ ಒಬ್ಬರ ಸಂಶೋಧನೆ ನಿಂತುಹೋಯಿತು. ಹೀಗೆ ಹೊರಗುಳಿದವರು ಯಾವ ದಾಖಲೆಯಲ್ಲೂ ಕಾಣಿಸುವುದಿಲ್ಲ. ಆದ್ದರಿಂದ ನಿಮಗೆ ನಾನು ಮೊದಲು ಹೇಳುವುದು ಇಷ್ಟು: ಬಾಯಿಮಾತಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ, ಬಾಯಿಮಾತಿನಲ್ಲಿ ಏನನ್ನೂ ಕೇಳಲೂ ಬೇಡಿ. ನಿಮ್ಮ ರಜೆ, ನಿಮ್ಮ ಅವಧಿ, ನಿಮ್ಮ ಫೆಲೋಶಿಪ್ ಮೂರೂ ಕಾಗದದ ಮೇಲೆ ಇರಲಿ.

ಆದರೆ ಕಾಗದಕ್ಕಿಂತ ಮೊದಲು ಪ್ರಯೋಗಾಲಯದ ಮಾತು, ಏಕೆಂದರೆ ಅದು ನಾಳೆಗೆ ಕಾಯುವಂಥದ್ದಲ್ಲ. ಮೂರು ತಿಂಗಳು ಹೇಳಬಾರದೆಂಬ ನಮ್ಮ ಮನೆಗಳ ರೂಢಿಗೆ ಅದರದೇ ಕಾರಣಗಳಿವೆ, ಅತ್ತೆಯವರ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕೂಸಿನ ಹೃದಯ, ಮೆದುಳು, ಕೈಕಾಲುಗಳು ರೂಪುಗೊಳ್ಳುವುದು ಇದೇ ಮೊದಲ ಮೂರು ತಿಂಗಳಲ್ಲಿ, ಮತ್ತು ರಾಸಾಯನಿಕಗಳಿಂದ ಹಾನಿಯಾಗುವ ಅಪಾಯ ಹೆಚ್ಚಿರುವುದೂ ಆಗಲೇ. ಊರಿಗೆಲ್ಲ ಹೇಳಬೇಕಾಗಿಲ್ಲ, ಗೈಡ್ ಅವರಿಗೆ ಮತ್ತು ನಿಮ್ಮ ಪಕ್ಕದ ಬೆಂಚಿನಲ್ಲಿ ಕೆಲಸ ಮಾಡುವ ನಂಬಿಕಸ್ಥ ಸಹೋದ್ಯೋಗಿಯೊಬ್ಬರಿಗೆ ಈ ವಾರವೇ ತಿಳಿಸಿ.

ನೀವು ದಿನನಿತ್ಯ ಬಳಸುವ ಪ್ರತಿಯೊಂದು ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವನ್ನು, ಅಂದರೆ ನಾವೆಲ್ಲ ಎಂಎಸ್‌ಡಿಎಸ್ ಎನ್ನುವ ಹಾಳೆಯನ್ನು, ತೆಗೆದು ಅದರ ಎರಡನೆಯ ವಿಭಾಗವನ್ನು ನೋಡಿ. ಎಚ್‌360 ಎಂಬ ಸಂಕೇತವಿದ್ದರೆ ಅದು ಸಂತಾನಶಕ್ತಿಗೆ ಅಥವಾ ಗರ್ಭಸ್ಥ ಶಿಶುವಿಗೆ ಹಾನಿ ಮಾಡಬಲ್ಲದು ಎಂದರ್ಥ, ಎಚ್‌361 ಎಂದಿದ್ದರೆ ಹಾಗೆಂಬ ಶಂಕೆಯಿದೆ ಎಂದರ್ಥ, ಎಚ್‌362 ಎಂದಿದ್ದರೆ ಮೊಲೆಹಾಲಿನ ಮೂಲಕ ಮಗುವಿಗೆ ಹಾನಿಯಾಗಬಹುದು ಎಂದರ್ಥ. ಸಾವಯವ ಲ್ಯಾಬುಗಳಲ್ಲಿ ನೀರಿನಂತೆ ಬಳಸುವ ಡಿಎಂಎಫ್ ಎಂಬ ದ್ರಾವಕ ಮೊದಲ ಗುಂಪಿಗೆ ಸೇರಿದ್ದು, ಟಾಲೂಯಿನ್ ಎರಡನೆಯದಕ್ಕೆ. ಡಿಎಂಎಫ್ ಚರ್ಮದ ಮೂಲಕವೇ ದೇಹಕ್ಕೆ ಇಳಿಯುತ್ತದೆ. ಡೈಕ್ಲೋರೋಮೀಥೇನ್ ನಾವು ತೊಡುವ ತೆಳುವಾದ ನೈಟ್ರೈಲ್ ಕೈಗವಸನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಬಟ್ಟೆಯ ಮಾಸ್ಕಾಗಲಿ, ಆಸ್ಪತ್ರೆಯ ನೀಲಿ ಮಾಸ್ಕಾಗಲಿ ಆವಿಯನ್ನು ತಡೆಯುವುದಿಲ್ಲ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಸರಿಯಾಗಿ ಎಳೆಯುತ್ತಿಲ್ಲವಾದರೆ ಆ ಕೋಣೆಯಲ್ಲಿ ನೀವು ನಿಲ್ಲಬಾರದು. ಪಟ್ಟಿಯನ್ನು ಬರೆದುಕೊಂಡು ನಿಮ್ಮ ಪ್ರಸೂತಿ ವೈದ್ಯರಿಗೆ ತೋರಿಸಿ, ಇಂತಿಂಥ ವಸ್ತುಗಳ ಸಂಪರ್ಕದಿಂದ ದೂರವಿರಬೇಕೆಂದು ಅವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಗೈಡ್ ಮುಂದೆ ನಿಮ್ಮ ಮಾತಿಗಿಂತ ಆ ಚೀಟಿಗೆ ಬೆಲೆ ಹೆಚ್ಚು. ಇದು ನ್ಯಾಯವಲ್ಲ, ಆದರೆ ವಾಸ್ತವ.

ಹಾಗೆಂದು ಈ ತಿಂಗಳುಗಳು ವ್ಯರ್ಥವಾಗಬೇಕಿಲ್ಲ. ಈವರೆಗೆ ಮಾಡಿದ ಸಂಯುಕ್ತಗಳ ಎನ್‌ಎಂಆರ್, ಮಾಸ್ ಪರೀಕ್ಷೆಗಳ ದತ್ತಾಂಶಗಳನ್ನು ವಿಶ್ಲೇಷಿಸಿ ಕೋಷ್ಟಕಗಳಿಗೆ ಇಳಿಸುವುದು, ಪೂರ್ವಾಧ್ಯಯನದ ಅಧ್ಯಾಯವನ್ನು ಬರೆಯುವುದು, ಒಂದು ಸಮೀಕ್ಷಾ ಲೇಖನವನ್ನು ಸಿದ್ಧಪಡಿಸುವುದು, ಇವೆಲ್ಲ ಹೇಗಿದ್ದರೂ ಒಂದಲ್ಲ ಒಂದು ದಿನ ಮಾಡಲೇಬೇಕಾದ ಕೆಲಸಗಳು. ತುರ್ತಾಗಿ ಆಗಲೇಬೇಕಾದ ರಿಯಾಕ್ಷನ್‌ಗಳನ್ನು ಸಹ ಸಂಶೋಧಕರು ಮಾಡಿಕೊಟ್ಟರೆ, ಆ ಲೇಖನದಲ್ಲಿ ಅವರ ಹೆಸರು ಸೇರುತ್ತದೆಂಬುದನ್ನು ಮೊದಲೇ ಗೈಡ್ ಸಮ್ಮುಖದಲ್ಲಿ ತೀರ್ಮಾನಿಸಿಕೊಳ್ಳಿ.

ಇನ್ನು ನಿಯಮಗಳು. ಪಿಎಚ್‌.ಡಿ. ಕುರಿತ ಯುಜಿಸಿಯ ಈಗಿನ ನಿಯಮಾವಳಿ ಪ್ರಕಟವಾದದ್ದು 2022ರ ನವೆಂಬರ್ 7ರಂದು. ಅದರ ಪ್ರಕಾರ ಸಂಶೋಧನಾರ್ಥಿನಿಗೆ ಇಡೀ ಪಿಎಚ್‌.ಡಿ. ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಕೊಡಬಹುದು. ಪಿಎಚ್‌.ಡಿ. ಮುಗಿಸಲು ಎಲ್ಲರಿಗೂ ಇರುವ ಗರಿಷ್ಠ ಅವಧಿ 6 ವರ್ಷ, ಮರುನೋಂದಣಿಯಿಂದ ಇನ್ನೂ 2 ವರ್ಷ ಸಿಗಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆ 2 ವರ್ಷಗಳ ರಿಯಾಯಿತಿಯಿದೆ. ಒಟ್ಟು 10 ವರ್ಷ ಮೀರುವಂತಿಲ್ಲ. 2016ರ ಹಳೆಯ ನಿಯಮದಲ್ಲಿ ಇದೇ 240 ದಿನಗಳ ರಜೆಯನ್ನು "ಒಂದು ಬಾರಿ" ಎಂದು ಹೇಳಲಾಗಿತ್ತು, 2022ರ ನಿಯಮದಲ್ಲಿ ಆ ಮಾತಿಲ್ಲ. ಆದ್ದರಿಂದ ಈಗ 180 ದಿನ ಪಡೆದು 60 ದಿನಗಳನ್ನು ಮುಂದೆ ಮಗುವಿನ ಕಾಯಿಲೆ ಕಸಾಲೆಗೆ ಉಳಿಸಿಕೊಳ್ಳಲು ಸಾಧ್ಯವೇ ಎಂದು ಕೇಳಿ. ನಿಯಮದಲ್ಲಿರುವುದು "ಕೊಡಬಹುದು" ಎಂಬ ಪದವಾದ್ದರಿಂದ, ನಿಮ್ಮ ವಿಶ್ವವಿದ್ಯಾಲಯ ತನ್ನದೇ ಪಿಎಚ್‌.ಡಿ. ನಿಯಮಾವಳಿಯಲ್ಲಿ ಇದನ್ನು ಹೇಗೆ ಅಳವಡಿಸಿಕೊಂಡಿದೆ ಎಂಬುದನ್ನು ಓದಿ, ಆ ನಿಯಮದ ಸಂಖ್ಯೆಯನ್ನು ಅರ್ಜಿಯಲ್ಲಿ ನಮೂದಿಸಿ.

ಹಣದ ವಿಷಯದಲ್ಲಿ ಎರಡು ಲೆಕ್ಕಗಳನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಪಿಎಚ್‌.ಡಿ. ಮುಗಿಸಲು 10 ವರ್ಷದವರೆಗೆ ಅವಕಾಶವಿದ್ದರೂ ಫೆಲೋಶಿಪ್ ಬರುವುದು 5 ವರ್ಷ ಮಾತ್ರ. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಅದರ ನಂತರದ ಹಿರಿಯ ಫೆಲೋಶಿಪ್ ಆದ ಎಸ್‌ಆರ್‌ಎಫ್ 42,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಕೇಂದ್ರ ಸರ್ಕಾರದ ನೌಕರರ ಲೆಕ್ಕದಲ್ಲಿ ಹೆರಿಗೆ ರಜೆ 180 ದಿನ. ನೀವು 240 ದಿನ ಕೇಳುವುದಾದರೆ ಉಳಿದ 60 ದಿನಗಳಿಗೆ ಫೆಲೋಶಿಪ್ ಬರುತ್ತದೆಯೇ ಇಲ್ಲವೇ ಎಂಬುದನ್ನು ರಜೆ ಹಾಕುವ ಮುನ್ನವೇ ವಿಶ್ವವಿದ್ಯಾಲಯದ ಫೆಲೋಶಿಪ್ ಶಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳಿ, ಇಲ್ಲವಾದರೆ ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಅನಿರೀಕ್ಷಿತವಾಗಿ ಖಾತೆ ಬರಿದಾಗುತ್ತದೆ. ಎರಡು ವರ್ಷ ತುಂಬಿ ಎಸ್‌ಆರ್‌ಎಫ್‌ಗೆ ಬಡ್ತಿಯಾಗುವ ಮೌಲ್ಯಮಾಪನ ನಿಮ್ಮ ಹೆರಿಗೆಯ ಆಸುಪಾಸಿನಲ್ಲೇ ಬರುವಂತಿದ್ದರೆ ಅದನ್ನು ಹೆರಿಗೆಗೆ ಮುಂಚೆಯೇ ಮುಗಿಸಿಕೊಡುವಂತೆ ಕೇಳಿಕೊಳ್ಳಿ.

ಅರ್ಜಿ ಕುಲಸಚಿವರ ಹೆಸರಿಗೆ ಇರಲಿ, ಗೈಡ್ ಮತ್ತು ವಿಭಾಗದ ಮುಖ್ಯಸ್ಥರ ಮೂಲಕ ಹೋಗಲಿ. ವೈದ್ಯರು ಕೊಟ್ಟ ಹೆರಿಗೆಯ ಅಂದಾಜು ದಿನಾಂಕದ ಪ್ರಮಾಣಪತ್ರವನ್ನು ಲಗತ್ತಿಸಿ, ಎಂದಿನಿಂದ ಎಂದಿನವರೆಗೆ ರಜೆ ಬೇಕೆಂದು ದಿನಾಂಕ ಹಾಕಿ. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ವರದಿ ಮಂಡಿಸಬೇಕೆಂಬ ನಿಯಮವಿರುವುದರಿಂದ, ರಜೆಯ ಅವಧಿಯಲ್ಲಿ ಬರುವ ವರದಿಯನ್ನು ಮುಂದೂಡಬೇಕೆಂದು ಅದೇ ಅರ್ಜಿಯಲ್ಲಿ ಕೋರಿ. ಅದನ್ನು ಬರೆಯದೆ ಹೋದರೆ ವರ್ಷದ ನಂತರ "ಎರಡು ವರದಿ ಬಾಕಿ" ಎಂಬ ನೋಟಿಸು ಬರುತ್ತದೆ. ಟಪಾಲು ಶಾಖೆಯಲ್ಲಿ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಮತ್ತು ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ಗೈಡ್ ಸಹಿ ಮಾಡಲು ಒಪ್ಪದಿದ್ದರೆ, ಅವರಿಗೆ ಇಮೇಲ್ ಕಳುಹಿಸಿ ಅದರ ಮುದ್ರಿತ ಪ್ರತಿಯನ್ನು ಲಗತ್ತಿಸಿ ನೇರವಾಗಿ ಕುಲಸಚಿವರಿಗೇ ಕೊಡಿ. ಅಲ್ಲಿಯೂ ಕೆಲಸವಾಗದಿದ್ದರೆ ಯುಜಿಸಿಯ 2023ರ ನಿಯಮದಂತೆ ಪ್ರತಿ ಸಂಸ್ಥೆಯಲ್ಲಿಯೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು, ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ ಇಂಥ ದೂರುಗಳನ್ನು ಆಲಿಸಲೆಂದೇ ಇರುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಸಲ್ಲಿಸಬಹುದು. ಗೈಡ್ ವಿರುದ್ಧ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಅನೇಕ ಗೈಡ್‌ಗಳಿಗೆ ಈ ನಿಯಮಗಳೇ ತಿಳಿದಿರುವುದಿಲ್ಲ, ನಿಯಮದ ಪ್ರತಿಯನ್ನು ವಿನಯದಿಂದ ಮುಂದಿಟ್ಟಾಗ ಬಹುಪಾಲು ಮಂದಿ ಸಹಿ ಮಾಡುತ್ತಾರೆ. ಆದರೆ ನೋಂದಣಿ ರದ್ದತಿಯ ಅರ್ಜಿಗೆ ಮಾತ್ರ, ಯಾರು ಎಷ್ಟೇ ಒಳ್ಳೆಯ ಮಾತಿನಲ್ಲಿ ಹೇಳಿದರೂ, ಸಹಿ ಹಾಕಬೇಡಿ. ರಜೆಯಿಂದ ಹಿಂದಿರುಗುವವರಿಗೆ ಸ್ಥಾನ ಕಾದಿರುತ್ತದೆ. ರದ್ದಾದವರು ಮತ್ತೆ ಪ್ರವೇಶ ಪ್ರಕ್ರಿಯೆಯಿಂದಲೇ ಆರಂಭಿಸಬೇಕಾಗುತ್ತದೆ.

ಬಾಣಂತನದ ಬಗ್ಗೆಯೂ ಒಂದು ಮಾತು. ಬಾಣಂತಿ ಓದಿದರೆ ಕಣ್ಣು ಹಾಳಾಗುತ್ತದೆಂದು ತವರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದಕ್ಕೆ ವೈದ್ಯಕೀಯ ಆಧಾರವಿಲ್ಲ. ಆದರೆ ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ಅಧ್ಯಾಯ ಬರೆದು ಮುಗಿಸುತ್ತೇನೆಂಬ ಹಟವೂ ಬೇಡ. ಆ ದಿನಗಳು ನಿದ್ದೆಗೆ, ಹಾಲೂಡಿಸುವುದಕ್ಕೆ ಮತ್ತು ನಿಮ್ಮ ದೇಹ ಸುಧಾರಿಸಿಕೊಳ್ಳುವುದಕ್ಕೆ ಮೀಸಲಾಗಿರಲಿ. ಮನಸ್ಸು ಎರಡು ವಾರಕ್ಕಿಂತ ಹೆಚ್ಚು ಕಾಲ ಕುಗ್ಗಿಯೇ ಇದ್ದರೆ, ಸುಮ್ಮಸುಮ್ಮನೆ ಅಳು ಬರುತ್ತಿದ್ದರೆ, ಅದನ್ನು ಬಾಣಂತನದ ಆಯಾಸವೆಂದು ತಳ್ಳಿಹಾಕದೆ ವೈದ್ಯರಿಗೆ ಹೇಳಿ. ಲ್ಯಾಬಿಗೆ ಮರಳಿದ ಮೇಲೆ ಹಿಂಡಿ ತೆಗೆದ ಹಾಲು 25 ಡಿಗ್ರಿವರೆಗಿನ ಉಷ್ಣಾಂಶದಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಕೆಡದೆ ಇರುತ್ತದೆ. ನಮ್ಮ ಬೇಸಿಗೆಯಲ್ಲಿ ಹೊರಗೆ ಅಷ್ಟು ಹೊತ್ತು ಇಡಬೇಡಿ. ಎಷ್ಟೇ ಅನುಕೂಲವೆನಿಸಿದರೂ ಹಾಲಿನ ಬಾಟಲಿಯನ್ನು ರಾಸಾಯನಿಕಗಳಿರುವ ಲ್ಯಾಬಿನ ಫ್ರಿಜ್ಜಿನಲ್ಲಿ ಇಡಲೇಬಾರದು. ವಿಭಾಗದ ಕಚೇರಿಯಲ್ಲೋ ಮಹಿಳಾ ಹಾಸ್ಟೆಲಿನಲ್ಲೋ ಜಾಗ ಕೇಳಿ ಪಡೆದುಕೊಳ್ಳಿ.

"ಪಿಎಚ್‌.ಡಿ. ಮುಗಿಸಿ ಆಮೇಲೆ ಮಗು ಮಾಡಿಕೊಳ್ಳಬಹುದಿತ್ತು" ಎಂದು ನಿಮಗೆ ಹೇಳುವವರಿಗೆ ಉತ್ತರ ಕೊಡಬೇಕಾದ ಅಗತ್ಯವಿಲ್ಲ. ಆಮೇಲೆ ಎಂಬ ಆ ಕಾಲದಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸವೋ, ಪೋಸ್ಟ್‌ಡಾಕ್ ಹುದ್ದೆಯೋ ಇರುತ್ತದೆ, ಅಲ್ಲಿ ಇಷ್ಟು ದಿನಗಳ ರಜೆ ಸಿಗುತ್ತದೆಂದು ಯಾರೂ ಭರವಸೆ ಕೊಡಲಾರರು.

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯವಳು, ಎಂ.ಎ. ಮೂರನೆಯ ಸೆಮಿಸ್ಟರ್. ಹೆರಿಗೆಯಾಗಿ ಎರಡು ತಿಂಗಳಾಗಿದೆ. ಹಾಜರಾತಿ ಶೇ. 75 ಆಗುವುದಿಲ್ಲ, ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುತ್ತಿದ್ದಾರೆ. ಪಿಎಚ್‌.ಡಿ.ಯವರಿಗೆ ಮಾತ್ರ ರಜೆಯಂತೆ, ನಮಗೆ ಇಲ್ಲವಂತೆ. ನಿಜವೇ?

ಉತ್ತರ: ಅರ್ಧ ನಿಜ. 240 ದಿನಗಳ ನಿಯಮ ಪಿಎಚ್‌.ಡಿ.ಯವರಿಗೆ ಮಾತ್ರ ಅನ್ವಯಿಸುತ್ತದೆ. ಆದರೆ 2021ರ ಡಿಸೆಂಬರ್ 14ರಂದು ಯುಜಿಸಿ ಎಲ್ಲ ಕುಲಪತಿಗಳಿಗೆ ಪತ್ರ ಬರೆದು, ಪದವಿ ಮತ್ತು ಸ್ನಾತಕೋತ್ತರ ವಿದ್ಯಾರ್ಥಿನಿಯರಿಗೂ ಹಾಜರಾತಿ ಹಾಗೂ ಪರೀಕ್ಷಾ ಅರ್ಜಿ ಸಲ್ಲಿಸುವ ದಿನಾಂಕದ ವಿಷಯದಲ್ಲಿ ಸೂಕ್ತ ವಿನಾಯಿತಿ ಕೊಡುವಂತೆ ಹೇಳಿದೆ. 2023ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟು, ಹೆರಿಗೆ ರಜೆ ನಿರಾಕರಿಸಲ್ಪಟ್ಟ ಎಂ.ಎಡ್. ವಿದ್ಯಾರ್ಥಿನಿಯೊಬ್ಬರ ಅರ್ಜಿಯಲ್ಲಿ ಆ ನಿರಾಕರಣೆಯನ್ನು ರದ್ದುಪಡಿಸಿ, ಹೊಸದಾಗಿ ಪರಿಶೀಲಿಸುವಂತೆ ವಿಶ್ವವಿದ್ಯಾಲಯಕ್ಕೆ ಸೂಚಿಸಿತು. ಓದು ಮತ್ತು ತಾಯ್ತನ ಇವೆರಡರಲ್ಲಿ ಒಂದನ್ನೇ ಆರಿಸಿಕೋ ಎಂದು ಹೆಣ್ಣನ್ನು ಬಲವಂತಪಡಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಯುಜಿಸಿಯ ಆ ಪತ್ರ, ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ತಾಯಿ ಕಾರ್ಡ್ ಮೂರನ್ನೂ ಲಗತ್ತಿಸಿ, ಪರೀಕ್ಷಾ ಶುಲ್ಕ ಕಟ್ಟುವ ಕೊನೆಯ ದಿನಕ್ಕೆ ಮುಂಚೆಯೇ ಕುಲಸಚಿವರಿಗೂ ಮೌಲ್ಯಮಾಪನ ಕುಲಸಚಿವರಿಗೂ ಪ್ರತ್ಯೇಕವಾಗಿ ಅರ್ಜಿ ಕೊಡಿ. ಇಂಥ ಅರ್ಜಿಗಳು ಹೆಚ್ಚಾಗಿ ಸೋಲುವುದು ದಿನಾಂಕ ಮೀರಿ ಬರುವುದರಿಂದ.

ಪ್ರಶ್ನೆ: ನಮ್ಮದು ಹಾಸನ. ಮಗಳು ಅಮೆರಿಕದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ, ಅಳಿಯ ಅವಳ ಅವಲಂಬಿತನಾಗಿ ಹೋಗಿದ್ದಾರೆ. ಮಗಳಿಗೆ ಈಗ ಐದು ತಿಂಗಳು. ಓದು ನಿಲ್ಲಿಸಿದರೆ ವೀಸಾ ಹೋಗುತ್ತದೆ ಎಂದು ಅಳುತ್ತಾಳೆ. ನಾನು ಬಾಣಂತನಕ್ಕೆ ಹೋಗುವುದೋ, ಅವಳನ್ನೇ ಇಲ್ಲಿಗೆ ಕರೆಸಿಕೊಳ್ಳುವುದೋ?

ಉತ್ತರ: ಅಮ್ಮಾ, ಅವಳನ್ನು ಕರೆಸಿಕೊಳ್ಳುವುದಕ್ಕಿಂತ ನೀವು ಹೋಗುವುದು ಮೇಲು. ಎಫ್‌1 ವೀಸಾದಲ್ಲಿರುವವರು ಪೂರ್ಣಾವಧಿ ವಿದ್ಯಾರ್ಥಿಯಾಗಿಯೇ ಇರಬೇಕೆಂಬುದು ನಿಜ, ಆದರೆ ವೈದ್ಯಕೀಯ ಕಾರಣಕ್ಕೆ ಕೋರ್ಸಿನ ಹೊರೆ ತಗ್ಗಿಸಿಕೊಳ್ಳಲು ಅವಕಾಶವಿದೆ. ಒಂದು ಪದವಿಯ ಮಟ್ಟದಲ್ಲಿ ಒಟ್ಟು 12 ತಿಂಗಳವರೆಗೆ ಅದು ಸಿಗುತ್ತದೆ. ಅದಕ್ಕೆ ವೈದ್ಯರ ಪತ್ರ ಬೇಕು, ಮತ್ತು ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯ ಅನುಮತಿ ಕೋರ್ಸು ಬಿಡುವ ಮೊದಲೇ ಸಿಕ್ಕಿರಬೇಕು. ಬಿಟ್ಟ ಮೇಲೆ ಕೇಳಿದರೆ ವೀಸಾಕ್ಕೆ ನಿಜವಾಗಿಯೂ ತೊಂದರೆಯಾಗುತ್ತದೆ. ಅಲ್ಲಿನ ಟೈಟಲ್ ನೈನ್ ಎಂಬ ಕಾನೂನು 1972ರಿಂದಲೂ ಇದೆ. ಕೇಂದ್ರ ಸರ್ಕಾರದ ಅನುದಾನ ಪಡೆಯುವ ವಿದ್ಯಾಸಂಸ್ಥೆಗಳು ಗರ್ಭಿಣಿ ವಿದ್ಯಾರ್ಥಿನಿಗೆ ವೈದ್ಯರು ಅಗತ್ಯವೆಂದಷ್ಟು ಕಾಲ ರಜೆ ಕೊಟ್ಟು, ಮರಳಿದಾಗ ಮೊದಲಿದ್ದ ಸ್ಥಾನದಲ್ಲೇ ಮುಂದುವರಿಸಬೇಕೆಂಬುದು ಅದರಡಿಯ ನಿಯಮ. ಪ್ರತಿ ವಿಶ್ವವಿದ್ಯಾಲಯದಲ್ಲೂ ಇದಕ್ಕೆಂದೇ ಒಬ್ಬ ಅಧಿಕಾರಿ ಇರುತ್ತಾರೆ, ಮಗಳು ಅವರನ್ನು ಈಗಲೇ ಕಾಣಲಿ. ರಜೆಯಲ್ಲಿ ಸ್ಟೈಪೆಂಡ್ ಬರುತ್ತದೆಯೇ ಎಂಬುದು ಮಾತ್ರ ಸಂಸ್ಥೆಯಿಂದ ಸಂಸ್ಥೆಗೆ ಬೇರೆ, ಅದನ್ನೂ ಅದೇ ಭೇಟಿಯಲ್ಲಿ ಕೇಳಿಕೊಳ್ಳಲಿ.

ಅಳಿಯಂದಿರು ಅವಲಂಬಿತರಿಗೆ ಕೊಡುವ ಎಫ್‌2 ವೀಸಾದಲ್ಲಿ ಸಂಬಳದ ಕೆಲಸ ಮಾಡುವಂತಿಲ್ಲ, ಆದ್ದರಿಂದ ಮನೆಯಲ್ಲಿ ಒಂದೇ ಆದಾಯ. ಆದರೆ ಅದರಿಂದಾಗಿಯೇ ಅವರಿಗೆ ಹಗಲಿಡೀ ಸಮಯವೂ ಇದೆ. ನೀವು ಹೋದಾಗ ಎಣ್ಣೆ ನೀರು, ಲೇಹ್ಯ, ಪಥ್ಯದ ಅಡುಗೆಗಳ ಜೊತೆಗೆ ಮಗುವಿಗೆ ಸ್ನಾನ ಮಾಡಿಸುವುದು, ತೇಗಿಸುವುದು, ಲಂಗೋಟಿ ಬದಲಾಯಿಸುವುದನ್ನು ಅವರಿಗೂ ಮೊದಲ ವಾರದಿಂದಲೇ ಕಲಿಸಿ. ಸಂದರ್ಶಕರ ವೀಸಾದಲ್ಲಿ ಸಾಮಾನ್ಯವಾಗಿ ಒಮ್ಮೆಗೆ ಆರು ತಿಂಗಳು ಇರಲು ಬಿಡುತ್ತಾರೆ. ನೀವು ಹಿಂದಿರುಗಿದ ಮೇಲೂ ಮಗಳು ಲ್ಯಾಬಿಗೆ ಹೋಗಬೇಕಲ್ಲ. ವೀಸಾ ಸಂದರ್ಶನಕ್ಕೆ ದಿನ ಸಿಗುವುದು ತಡವಾಗಬಹುದಾದ್ದರಿಂದ ಅರ್ಜಿಯನ್ನು ಇಂದೇ ಹಾಕಿ. ನಿಮ್ಮ ಪ್ರಯಾಣ ವಿಮೆಯನ್ನೂ ಮಾಡಿಸಿಕೊಳ್ಳಿ, ಅಲ್ಲಿನ ಆಸ್ಪತ್ರೆಯ ಖರ್ಚನ್ನು ಕೈಯಿಂದ ಭರಿಸಲು ನಮ್ಮಂಥವರಿಗೆ ಆಗದು. ಮಗು ಹುಟ್ಟಿದ 30 ದಿನಗಳೊಳಗೆ ಅದರ ಹೆಸರನ್ನು ಆರೋಗ್ಯ ವಿಮೆಗೆ ಸೇರಿಸಬೇಕೆಂಬುದನ್ನು ಇಬ್ಬರಿಗೂ ನೆನಪಿಸಿ, ಸಂಭ್ರಮದಲ್ಲಿ ಅದು ಮರೆತುಹೋಗುತ್ತದೆ.

ಪ್ರಶ್ನೆ: ನಾನು ಬ್ಯಾಂಕ್ ಉದ್ಯೋಗಿ. ಪತ್ನಿ ಮೈಸೂರಿನಲ್ಲಿ ಇತಿಹಾಸ ವಿಷಯದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಳೆ, ಮೂರನೆಯ ವರ್ಷ. ಮಗುವಿಗೆ ಒಂದು ವರ್ಷ. ನನಗೆ ಪುಣೆಗೆ ವರ್ಗವಾಗಿದೆ. ಅವಳೂ ಮಗುವೂ ಜೊತೆಗೆ ಬಂದರೆ ಅವಳ ಪಿಎಚ್‌.ಡಿ. ಏನಾಗುತ್ತದೆ?

ಉತ್ತರ: ಪಿಎಚ್‌.ಡಿ. ಏನಾಗುತ್ತದೆ ಎಂದು ಕೇಳುವ ಗಂಡಂದಿರ ಪತ್ರಗಳು ನನಗೆ ಅಪರೂಪ, ನಿಮ್ಮದು ಬಂದದ್ದು ಸಂತೋಷ. ಮದುವೆಯಿಂದಾಗಲಿ ಇತರ ಕಾರಣದಿಂದಾಗಲಿ ಸಂಶೋಧನಾರ್ಥಿನಿ ಬೇರೆ ಊರಿಗೆ ಹೋಗಬೇಕಾದಾಗ, ಅವರ ಸಂಶೋಧನಾ ದತ್ತಾಂಶವನ್ನು ಅಲ್ಲಿನ ಸಂಸ್ಥೆಗೆ ವರ್ಗಾಯಿಸಿಕೊಳ್ಳಲು ಯುಜಿಸಿಯ 2022ರ ನಿಯಮಾವಳಿಯಲ್ಲೇ ಅವಕಾಶವಿದೆ. ಮೂಲ ಸಂಸ್ಥೆಗೂ ಗೈಡ್‌ಗೂ ಅವರು ಮಾಡಿದ ಪಾಲಿನ ಕೆಲಸಕ್ಕೆ ಮನ್ನಣೆ ಕೊಡಬೇಕು, ಮತ್ತು ಆ ಸಂಶೋಧನೆ ಮೂಲ ಸಂಸ್ಥೆಗೋ ಗೈಡ್‌ಗೋ ಬೇರೊಂದು ಸಂಸ್ಥೆ ಮಂಜೂರು ಮಾಡಿದ ಯೋಜನೆಯ ಭಾಗವಾಗಿರಬಾರದು. ಆದರೂ ಮೂರನೆಯ ವರ್ಷದಲ್ಲಿ ಸಂಸ್ಥೆ ಬದಲಿಸುವುದನ್ನು ನಾನು ಮೊದಲ ಆಯ್ಕೆಯಾಗಿ ಹೇಳಲಾರೆ, ಏಕೆಂದರೆ ಪುಣೆಯಲ್ಲಿ ಸೀಟು ಖಾಲಿಯಿರುವ ಹೊಸ ಗೈಡ್ ಸಿಗಬೇಕು, ಅವರು ಈ ವಿಷಯವನ್ನು ಒಪ್ಪಬೇಕು.

ಇತಿಹಾಸ ಅವರ ವಿಷಯವಾಗಿರುವುದು ನಿಮಗೊಂದು ಅನುಕೂಲ. ಕೋರ್ಸ್‌ವರ್ಕ್ ಮುಗಿದಿದ್ದರೆ ನೋಂದಣಿಯನ್ನು ಮೈಸೂರಿನಲ್ಲೇ ಉಳಿಸಿಕೊಂಡು, ಪುಣೆಯ ಸಂಸ್ಥೆಯೊಂದರಿಂದ ಸಹ ಮಾರ್ಗದರ್ಶಕರನ್ನು ಪಡೆಯಲು ಅದೇ ನಿಯಮಾವಳಿಯಲ್ಲಿ ಅವಕಾಶವಿದೆ, ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು ಅಷ್ಟೇ. ಪುಣೆಯಲ್ಲಿ ಡೆಕ್ಕನ್ ಕಾಲೇಜು ಮತ್ತು ಭಂಡಾರ್ಕರ್ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಂಥ ಗ್ರಂಥಾಲಯಗಳಿವೆ. ಅವರ ವಿಷಯಕ್ಕೆ ಅಲ್ಲಿನ ಸಾಮಗ್ರಿ ಒದಗುವುದಾದರೆ ಆ ಊರು ಅಡ್ಡಿಯಾಗುವ ಬದಲು ಸಹಾಯಕವೇ ಆದೀತು. ಪ್ರಗತಿ ವರದಿಗೆ ಸೆಮಿಸ್ಟರಿಗೊಮ್ಮೆ ಮೈಸೂರಿಗೆ ಬರಬೇಕಾಗುತ್ತದೆ, ಆ ದಿನಗಳಲ್ಲಿ ರಜೆ ಹಾಕಿ ಮಗುವನ್ನು ನೋಡಿಕೊಳ್ಳಬೇಕಾದವರು ನೀವು.

ಸಂಶೋಧಕ ತಂದೆಗೆ ಈ ನಿಯಮಾವಳಿಯಲ್ಲಿ ರಜೆಯಿಲ್ಲ, ಅದು ನನಗೆ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. ಆದರೆ ನೀವು ನೌಕರಿಯಲ್ಲಿರುವವರು, ನಿಮಗೆ ಗಳಿಕೆ ರಜೆಯಿದೆ. ಪ್ರತಿದಿನ ಬೆಳಿಗ್ಗೆ ಬ್ಯಾಂಕಿಗೆ ಹೊರಡುವ ಮುನ್ನ ಎರಡು ಗಂಟೆ ಮತ್ತು ಭಾನುವಾರ ಅರ್ಧ ದಿನ ಮಗು ಸಂಪೂರ್ಣವಾಗಿ ನಿಮ್ಮ ಜವಾಬ್ದಾರಿಯಾಗಿರಲಿ. ಪುಣೆಯಲ್ಲಿ ಮನೆ ಹುಡುಕುವಾಗ ಬ್ಯಾಂಕಿನ ಶಾಖೆಗೆ ಹತ್ತಿರವಿರುವುದಕ್ಕಿಂತ ಒಳ್ಳೆಯ ಶಿಶುಪಾಲನಾ ಕೇಂದ್ರಕ್ಕೂ ಗ್ರಂಥಾಲಯಕ್ಕೂ ಹತ್ತಿರವಿರುವ ಬಡಾವಣೆಯನ್ನು ನೋಡಿ. ಊರು ಬಿಡುವ ಮೊದಲು ಗೈಡ್ ಅವರನ್ನು ಇಬ್ಬರೂ ಕಂಡು, ಸಹ ಮಾರ್ಗದರ್ಶಕರ ಪ್ರಸ್ತಾವವನ್ನು ಸಂಶೋಧನಾ ಸಲಹಾ ಸಮಿತಿಯ ಮುಂದಿನ ಸಭೆಯಲ್ಲಿ ಇರಿಸುವಂತೆ ಕೋರಿ, ಸಭೆಯ ನಡಾವಳಿಯ ಪ್ರತಿಯನ್ನು ತೆಗೆದುಕೊಂಡೇ ಹೊರಡಿ.